ಕೊನೆಯ ಬೆಂಚು

ನನಗೆ ವ್ಯೂಹ ಗೀಹ ತಿಳಿಯದು. ಹೇಸರಗತ್ತೆ ಹೊಡೆಯುತ್ತಿದ್ದೆ.
ಕನೆಲ್ಲಾಳ ಬೆನ್ನಿಗೆ ತಂತಿಯ ಉರುಳೆ ಕಟ್ಟಿ
ಪಿಂಡೋಸ್ ಬೆಟ್ಟದ ಏಣಿನುದ್ದಕ್ಕೂ ಫೋನಿನ ಎಳೆ ಹಾಸುವುದು,
ಗುಂಡು ಬಿದ್ದು ಹರಿದಲ್ಲಿ
ಹಲ್ಲಿನಿಂದ ಸಿಪ್ಪೆ ಸುಲಿದು ಗಂಟು ಹಾಕುವುದು.
ಅಂತರ್ಯುದ್ಧದಲ್ಲಿ ನನ್ನ ಪಾಲಿಗೆ ಬಂದದ್ದು ಇಷ್ಟೇ.
ಆದರೆ ಹರಿದ ತಂತಿ ಹಿಡಿದು ಕೂತವಳಿಗೆ
ಎರಡೂ ತುದಿಯ ಮಾತು ಕೇಳಿಸುತ್ತದೆ.

ನಮ್ಮ ಕಮಾಂಡರಿಗೆ ಪಕ್ಷ ಇಟ್ಟ ಹೆಸರು ಸಿಡಿಲು.
ನಮ್ಮೂರವರಿಗೆ ಅವರು ಲೆಕ್ಕದ ಮೇಷ್ಟ್ರು, ಸ್ತೆರ್ಯೋಸ್,
ಜೇಬಿನಲ್ಲಿ ಇನ್ನೂ ಸೀಮೆಸುಣ್ಣದ ತುಂಡು.
ನಕಾಶೆ ಇತ್ತು, ಒಂದೇ ಒಂದು;
ಅದರಲ್ಲಿ ನಮ್ಮ ಬೆಟ್ಟ ಮಡಿಕೆಗೆ ಸಿಕ್ಕಿ ಸವೆದುಹೋಗಿತ್ತು.
ಅದಕ್ಕೇ ಬಂಡೆಯ ಮೇಲೆ ಬರೆಯುತ್ತಿದ್ದರು:
ಇದು ಹಳ್ಳ, ಇದು ಏಣು, ಇದು ಹಿಂದಿನ ಮೇಕೆದಾರಿ.
ನಾಲ್ಕು ಹನಿ ಬಿದ್ದರೆ ಯೋಜನೆಯೆಲ್ಲ
ಬೆಳ್ಳಗೆ ಇಳಿದು ಹೋಗುತ್ತಿತ್ತು.

ಕಣಿವೆಯಾಚೆ ಸರ್ಕಾರದ ಸೇನೆ, ಹದಿನಾರು ಫಿರಂಗಿ.
ಅದರ ಮೇಜರು ಅರ್ಗಿರಿಸ್, ಗಿರಣಿ ದಿಮೋಸನ ಮಗ,
ಇದೇ ಮೇಷ್ಟ್ರ ಕೈಲಿ ಕಿವಿ ಹಿಂಡಿಸಿಕೊಂಡವನು,
ಕೊನೆಯ ಬೆಂಚಿನಲ್ಲಿ, ನನ್ನ ಪಕ್ಕ.

ಮೇಕೆ ಕಾಯುತ್ತಿದ್ದ ಝೀಸಿಸ್ ಆ ರಾತ್ರಿ ಅಂದ:
"ಚದುರಿಹೋಗೋಣ ಮೇಷ್ಟ್ರೇ.
ತೋಳ ಎಲ್ಲಾದರೂ ಗುಡ್ಡಕ್ಕೆ ಬೇಲಿ ಹಾಕಿ ಕಾಯುತ್ತಾ?"
ಮೇಷ್ಟ್ರು ಮೇಲಿನಿಂದ ಬಂದ ಆಜ್ಞೆ ತೆಗೆದರು. ಒಂದು ಗೇಣೂ ಬಿಡಕೂಡದು.
ಎರಡು ಸಲ ಓದಿದರು, ತಪ್ಪು ಕಂಡವರ ಹಾಗೆ,
ಕೆಂಪು ಶಾಯಿ ಇಲ್ಲದವರ ಹಾಗೆ ಮಡಚಿಟ್ಟರು.

ಆಮೇಲೆ ಮುಖ ಬೆಳಗಿತು.
"ಅರ್ಗಿರಿಸನ ಕಳೆಯುವ ಲೆಕ್ಕ ನನಗೆ ಗೊತ್ತು.
ಪಕ್ಕದ ಮನೆಯಿಂದ ಹತ್ತು ಕಡ ತರುತ್ತಾನೆ,
ಕೊಟ್ಟ ಮನೆಯಲ್ಲಿ ಒಂದು ಕಮ್ಮಿಯಾದ್ದು ಮರೆಯುತ್ತಾನೆ.
ನಾಳೆ ಎಡಗಡೆಯವರನ್ನು ಕಿತ್ತು ನಡುವಿಗೆ ತುಂಬುತ್ತಾನೆ, ನೋಡಿ.
ಆ ಬರಿದಾದ ಎಡಕ್ಕೆ ನಮ್ಮ ಮೀಸಲು ನಲವತ್ತೂ ಜನ."
ಮೀಸಲು ಕಾಯುತ್ತಿದ್ದದ್ದು ಮೇಕೆದಾರಿಯನ್ನು.

ನನಗೆ ಆಗಲೇ ಒಂದು ಹೊಳೆದಿತ್ತು.
ಉತ್ತರ ಸಿಕ್ಕಿತೆಂದರೆ ಮೇಷ್ಟ್ರು ಕರಿಹಲಗೆಗೆ ತಿರುಗುತ್ತಾರೆ,
ಬೆನ್ನು ನಮಗೆ; ಸೀಮೆಸುಣ್ಣದ ಕಿರಿಕಿರಿ ನಿಲ್ಲುವುದರೊಳಗೆ
ಅರ್ಗಿರಿಸನೂ ನಾನೂ ಕಿಟಕಿ ಹಾರಿ
ಮಲ್ಬರಿ ಮರದ ಮೇಲಿರುತ್ತಿದ್ದೆವು.
ಹೇಳಬೇಕಿತ್ತು.
ಕತ್ತೆ ಹೊಡೆಯುವವಳು ಸಭೆಯಲ್ಲಿ ಬಾಯಿ ಬಿಡುವುದುಂಟೇ
ಅಂದುಕೊಂಡು, ಕನೆಲ್ಲಾಳ ಗೊರಸಿನ ಕಲ್ಲು ಕೀಳುತ್ತಾ ಕೂತೆ.

ಬೆಳಗ್ಗೆ ಎಲ್ಲ ಅವರೆಂದಂತೆಯೇ ನಡೆಯಿತು.
ಎಡ ಬರಿದಾಯಿತು. ನಲವತ್ತು ಜನ ಓಡಿದರು, ಹಾಡುತ್ತಾ ಕೂಡ.
ಹತ್ತು ಗಂಟೆಗೆ ತಂತಿ ಸತ್ತಿತು.
ನಾನು ತೆವಳಿ, ಹುಡುಕಿ, ಸುಲಿದು, ಹಲ್ಲಿಗೆ ಕಚ್ಚಿ ಹಿಡಿದಾಗ
ಹಿಂದಿನ ಠಾಣೆಯ ಫೋನಿನಲ್ಲಿ ನಮ್ಮವರಲ್ಲದ ಉಸಿರು.

"ಮೇಷ್ಟ್ರೇ," ಅಂತು ಗಿರಣಿಯ ಹುಡುಗನ ದನಿ,
"ಈ ಸಲ ಕಡ ಮರೆಯಲಿಲ್ಲ."

ಆ ತುದಿಯಲ್ಲಿ ಎಷ್ಟೋ ಹೊತ್ತು ಏನೂ ಇಲ್ಲ.
ಗಾಳಿ. ಯಾರೋ ನೀರು ಕೇಳುತ್ತಿದ್ದರು.
ಆಮೇಲೆ ಮೇಷ್ಟ್ರು, ತರಗತಿಯಲ್ಲಿ ಕೇಳುತ್ತಿದ್ದ ಹಾಗೇ:
"ಹಂತಗಳನ್ನು ಬರೆದಿದ್ದೀಯೇನೋ?"

ಅವನು ಏನೆಂದನೋ. ನನ್ನ ದವಡೆ ಸಡಿಲಿತ್ತು.

ಗಡಿ ದಾಟಿದವರು ಒಂಬತ್ತು ಜನ. ಕನೆಲ್ಲಾಳನ್ನು
ಎರಡನೇ ರಾತ್ರಿ ತಿಂದೆವು; ಅದನ್ನೂ ಹೇಳಿಬಿಡುತ್ತೇನೆ.
ಈಗ ತಾಷ್ಕೆಂಟಿನ ಈ ಮಹಡಿಯಲ್ಲಿ ಮೊಮ್ಮಗಳು
ಕಳೆಯುವ ಲೆಕ್ಕ ತಂದು ಮುಂದೆ ಹಿಡಿಯುತ್ತಾಳೆ.
ಸರಿಯಿದೆಯಾ ಅಜ್ಜಿ?
ನೋಡುತ್ತೇನೆ. ನಾಲಿಗೆಯ ಮೇಲೆ ತಾಮ್ರ.
ನಿಮ್ಮ ಟೀಚರನ್ನು ಕೇಳು ಅನ್ನುತ್ತೇನೆ,
ಅವರು ಈ ಕಡೆ ತಿರುಗಿದಾಗ.